ಬಾಯಿಯು ಮೂಗಿನ ಪ್ರತಿನಿಧಿಯಲ್ಲ

ಮೂಗಿರುವವರೆಗೆ ನೆಗಡಿ ತಪ್ಪಿದ್ದಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ಆಡುವಾಗ, ಅದರಲ್ಲಿ ದೇಹಧರ್ಮವನ್ನು ಕುರಿತ ಒಂದು ಸಹಜವಾದ ಸಮಾಧಾನವಿದೆಯೆಂದು ಒಪ್ಪಬಹುದು. ಆದರೆ ಆ ಸಮಾಧಾನವೇ, ತಿಂಗಳುಗಟ್ಟಲೆ ಮೂಗು ಕಟ್ಟಿಕೊಂಡು, ಹಗಲೆಲ್ಲ ಬಾಯಿ ತೆರೆದು ತಿರುಗುತ್ತ, ರಾತ್ರಿಯೆಲ್ಲ ಗೊರಕೆ ಹೊಡೆಯುತ್ತ, ಎರಡು ಮೂರು ಸಲ ಕರೆದರೂ ಓಗೊಡದ ನಾಲ್ಕೈದು ವರ್ಷದ ಕೂಸಿನ ವಿಷಯದಲ್ಲಿ ಉದಾಸೀನವಾಗಿ ಪರಿಣಮಿಸಿದಾಗ, ಅದನ್ನು ಹಿರಿಯರ ಮಾತೆಂದು ಮನ್ನಿಸಿ ಸುಮ್ಮನಿರುವುದು ಸಾಧ್ಯವಿಲ್ಲ. ಮೂಗು ಕಟ್ಟಿದರೆ ಬಾಯಿ ಇದ್ದೇ ಇದೆ. ಗೊರಕೆಯೆಂಬುದು ಗಾಢನಿದ್ರೆಯ ಲಕ್ಷಣ. ಕರೆದಾಗ ತಿರುಗಿ ನೋಡದಿರುವುದು ಹಠ ಅಥವಾ ಅನವಧಾನ. ಮುಖದ ಕಟ್ಟು ತಂದೆಯ ಕಡೆಯಿಂದಲೋ ತಾಯಿಯ ಕಡೆಯಿಂದಲೋ ಬಂದದ್ದು. ದೊಡ್ಡವನಾದ ಮೇಲೆ ಎಲ್ಲವೂ ತಾನಾಗಿ ಸರಿಹೋಗುವುದು. ಹೀಗೆ ಒಂದಕ್ಕೊಂದು ಕೊಂಡಿಯಾಗಿ ಹೆಣೆದುಕೊಂಡಿರುವ ಈ ಅಭಿಪ್ರಾಯಗಳ ಸರಪಣಿಯು ಓದುಬರಹ ಬಲ್ಲವರ ಮನೆಗಳಲ್ಲಿಯೂ, ಶಾಲೆಯ ಉಪಾಧ್ಯಾಯರ ಕೊಠಡಿಗಳಲ್ಲಿಯೂ, ದುಃಖದಿಂದ ಹೇಳಬೇಕಾಗಿದೆ, ಕೆಲವು ವೈದ್ಯರ ಬಾಯಲ್ಲಿಯೂ ಪ್ರಮಾಣವಚನವೆಂಬಂತೆ ಸಂಚರಿಸುತ್ತಿದೆ. ಅದರ ಒಂದೊಂದು ಕೊಂಡಿಯೂ ಸುಳ್ಳೆಂದು, ಅಥವಾ ಅರ್ಧಸತ್ಯವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆಯೇ ಮುಂದಿಡೋಣ. ಶ್ವಾಸಕೋಶಕ್ಕೆ ಬೇಕಾದದ್ದು ವಾಯು. ಅದು ಮೂಗಿನಿಂದ ಬಂದರೇನು, ಬಾಯಿಂದ ಬಂದರೇನು? ಮನೆಗೆ ಎರಡು ಬಾಗಿಲುಗಳಿದ್ದು ಒಂದು ಮುಚ್ಚಿಹೋದರೆ ಇನ್ನೊಂದರಿಂದ ನಡೆದಾಡುವಂತೆ, ದೇಹವು ತನ್ನ ಅನುಕೂಲವನ್ನು ತಾನೇ ನೋಡಿಕೊಳ್ಳುವುದೆಂದು ಅವರು ಹೇಳುವರು. ಉಪಮಾನ ಸೊಗಸಾಗಿದೆ; ಆದರೆ ಮುಂಬಾಗಿಲು ಮುಚ್ಚಿದ್ದರಿಂದ ಮನೆಯ ತೊಲೆ ಕಂಬಗಳು ತಮ್ಮ ನೆಲೆಯನ್ನು ಬದಲಾಯಿಸುವುದಿಲ್ಲ, ಮಗುವಿನ ತಲೆಯಲ್ಲಾದರೋ ಬದಲಾಯಿಸುತ್ತವೆ. ಮೂಗಿನಿಂದ ಉಸಿರಾಡುವವನ ದವಡೆ ವಿಶ್ರಾಂತಿಯಲ್ಲಿರುತ್ತದೆ, ತುಟಿಗಳು ಕೂಡಿರುತ್ತವೆ, ನಾಲಗೆಯು ಅಂಗುಳಕ್ಕೆ ಒರಗಿರುತ್ತದೆ. ಬಾಯಿಯಿಂದ ಉಸಿರಾಡಬೇಕಾದವನು ದವಡೆಯನ್ನು ಇಳಿಸಿ ಹಿಡಿಯಬೇಕು, ನಾಲಗೆಯನ್ನು ಕೆಳಕ್ಕೂ ಮುಂದಕ್ಕೂ ಸರಿಸಬೇಕು, ತಲೆಯನ್ನು ತುಸು ಹಿಂದಕ್ಕೆ ವಾಲಿಸಬೇಕು. ಇಷ್ಟನ್ನೂ ಒಂದು ದಿನ ಎರಡು ದಿನವಲ್ಲ, ಹಗಲೂ ರಾತ್ರಿಯೂ, ವರ್ಷಗಟ್ಟಲೆ, ಎಲುಬು ಇನ್ನೂ ಎಳೆಯದಾಗಿರುವ ವಯಸ್ಸಿನಲ್ಲಿ ಮಾಡುತ್ತಿರಬೇಕು. ಗಾಳಿಯ ಮಾರ್ಗ ಬದಲಾಯಿತೆಂದು ನಾವು ಹಗುರವಾಗಿ ಹೇಳುವಾಗ, ಕಿವಿಯ ಸುತ್ತಲಿನ ಸ್ನಾಯುಗಳ ಇಡೀ ದಿನಚರಿಯೇ ಬದಲಾಗಿರುತ್ತದೆ ಎಂಬುದನ್ನು ಮರೆಯುತ್ತೇವೆ.

ಕಿವಿಯ ಸುತ್ತಲಿನ ಸ್ನಾಯುಗಳೆಂದರೆ ಹೊರಗಿವಿಯನ್ನು ಅಲ್ಲಾಡಿಸುವ ಮೂರು ಸಣ್ಣ ಸ್ನಾಯುಗಳು ಕೆಲವರ ನೆನಪಿಗೆ ಬರಬಹುದು. ಪ್ರಾಣಿಗಳಲ್ಲಿ ಉಪಯುಕ್ತವಾಗಿ ಮನುಷ್ಯನಲ್ಲಿ ಅವಶೇಷಮಾತ್ರವಾಗಿ ಉಳಿದಿರುವ ಅವುಗಳೊಡನೆ ನಮಗೆ ಇಲ್ಲಿ ಕೆಲಸವಿಲ್ಲ. ವಾಚಕರು ತಮ್ಮ ಕಿರುಬೆರಳನ್ನು ಮೆಲ್ಲನೆ ಕಿವಿಯ ರಂಧ್ರದ ಬಾಯಲ್ಲಿಟ್ಟು, ಬೆರಳಿನ ಮೃದುಭಾಗ ಮುಖದ ಕಡೆ ಇರುವಂತೆ ಹಿಡಿದು, ಬಾಯನ್ನು ತೆರೆದು ಮುಚ್ಚಲಿ. ದವಡೆಯ ಗುಬುಟು ಕಿವಿಯ ಮುಂಗೋಡೆಗೆ ಎಷ್ಟು ಸಮೀಪದಲ್ಲಿ ಚಲಿಸುವುದೆಂಬುದು ಕೂಡಲೇ ತಿಳಿಯುವುದು. ಆ ಗುಬುಟನ್ನು ಮುಂದಕ್ಕೆ ಎಳೆದು ಬಾಯಿ ತೆರೆಯಿಸುವ ಸ್ನಾಯುವೊಂದು ಅದಕ್ಕೇ ಅಂಟಿಕೊಂಡಿದೆ. ಕಿವಿಯ ಮುಂದೆ, ಕೆನ್ನೆಯೆಲುಬಿನಿಂದ ದವಡೆಯ ಮೂಲೆಯವರೆಗೆ ಹಬ್ಬಿ ಜಗಿಯುವಾಗ ಉಬ್ಬುವುದು ಒಂದು. ಕಿವಿಯ ಮೇಲ್ಗಡೆ ಕಣತಲೆಯನ್ನೆಲ್ಲ ಬೀಸಣಿಗೆಯಾಕಾರದಲ್ಲಿ ಆವರಿಸಿರುವುದು ಮತ್ತೊಂದು. ಕಿವಿಯ ಹಿಂದಿನ ಮ್ಯಾಸ್ಟಾಯ್ಡ್ ಎಲುಬಿನ ತೋಡಿನಿಂದ ಹೊರಟು ಗದ್ದದ ಕಡೆಗೆ ಸಾಗಿ ದವಡೆಯನ್ನು ಕೆಳಕ್ಕೆ ಜಗ್ಗುವುದು ಇನ್ನೊಂದು. ಅದೇ ಎಲುಬಿಗೆ ಹೊರಗಡೆಯಿಂದ ಬಂದು ಸೇರುವ ಕತ್ತಿನ ದಪ್ಪ ಸ್ನಾಯು ಬೇರೊಂದು. ಇವೆಲ್ಲಕ್ಕಿಂತ ಒಳಗೆ, ಕಣ್ಣಿಗೆ ಕಾಣದೆ, ಕಪಾಲದ ತಳದಿಂದಲೂ ಮಧ್ಯಕರ್ಣಕ್ಕೆ ಹೋಗುವ ನಾಳದ ಪಕ್ಕದಿಂದಲೂ ಹೊರಟು ಮೆತ್ತನೆಯ ಅಂಗುಳನ್ನು ಬಿಗಿಯುವ ತೆಳ್ಳನೆಯ ಸ್ನಾಯುವೊಂದಿದೆ. ಗಾತ್ರದಲ್ಲಿ ಅಲ್ಪವಾದರೂ ಈ ಲೇಖನದ ನಾಯಕಸ್ಥಾನ ಅದರದು.

ಈ ನೆರೆಹೊರೆಯು ಆಕಸ್ಮಿಕವಲ್ಲ. ಜರ್ಮನಿಯ ರೈಕರ್ಟ್ ಎಂಬ ಅಂಗರಚನಾಶಾಸ್ತ್ರಜ್ಞನು 1837ರಲ್ಲಿಯೇ ಭ್ರೂಣಗಳನ್ನು ಪರಿಶೀಲಿಸಿ, ನಮ್ಮ ಮಧ್ಯಕರ್ಣದೊಳಗಿನ ಪುಟ್ಟ ಎಲುಬುಗಳಲ್ಲಿ ಎರಡು, ಕೆಳದರ್ಜೆಯ ಪ್ರಾಣಿಗಳ ದವಡೆಯ ಕೀಲಿನ ಎಲುಬುಗಳೇ ರೂಪಾಂತರ ಹೊಂದಿದವೆಂಬುದನ್ನು ಕಂಡುಹಿಡಿದನು. ಎಲುಬುಗಳಿಗೆ ಹೇಗೋ ಸ್ನಾಯುಗಳಿಗೂ ಹಾಗೆಯೇ. ಜಗಿಯುವ ಸ್ನಾಯುಗಳು, ಕಿವಿತಮಟೆಯನ್ನು ಬಿಗಿಹಿಡಿಯುವ ಸೂಕ್ಷ್ಮಸ್ನಾಯು, ಅಂಗುಳನ್ನು ಬಿಗಿಯುವ ಸ್ನಾಯು, ಇವೆಲ್ಲ ಭ್ರೂಣದ ಒಂದೇ ಕಮಾನಿನಿಂದ ಹುಟ್ಟಿ, ಒಂದೇ ನರದ ಒಂದೇ ಶಾಖೆಯಿಂದ ಆಜ್ಞೆಯನ್ನು ಪಡೆಯುತ್ತವೆ. ದವಡೆ ಬೇರೆ, ಅಂಗುಳ ಬೇರೆ, ಕಿವಿ ಬೇರೆ ಎಂದು ಮೂವರು ತಜ್ಞರಲ್ಲಿ ಹಂಚಿಕೊಟ್ಟಿರುವುದು ನಮ್ಮ ಆಸ್ಪತ್ರೆಗಳ ವ್ಯವಸ್ಥೆಯೇ ಹೊರತು ಶರೀರದ ವ್ಯವಸ್ಥೆಯಲ್ಲ. ಮೂಗಿಗೂ ಕಿವಿಗೂ ಏನು ಸಂಬಂಧವೆಂದು ಕೇಳುವವರು, ತಾಯಿಯ ಗರ್ಭದಲ್ಲಿಯೇ ಆರಂಭವಾದ ಈ ಬಾಂಧವ್ಯಕ್ಕೆ ಮೊದಲು ಉತ್ತರ ಕೊಡಬೇಕಾಗಿದೆ.

ಇರಲಿ, ಎಲುಬಿನ ಆಕಾರ ವಂಶದಿಂದ ಬರುವುದು, ಸ್ನಾಯು ಅದಕ್ಕೆ ತಕ್ಕಂತೆ ಅಂಟಿಕೊಳ್ಳುವುದು, ಉಸಿರಾಟದಂಥ ಅಭ್ಯಾಸಕ್ಕೆ ಅಲ್ಲೇನು ಕೆಲಸ ಎಂದು ಅವರು ಮತ್ತೊಂದು ಆಕ್ಷೇಪವನ್ನು ಎತ್ತುವರು. ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಪ್ರತಿಯೊಂದು ಮಗುವಿನ ಕಿವಿಯ ಹಿಂದೆಯೇ ಅದು ಇದೆ. ದೊಡ್ಡವರ ಕಿವಿಯ ಹಿಂದೆ ಕೈಯಾಡಿಸಿದರೆ ಸಿಗುವ ಗಟ್ಟಿಯಾದ ಮ್ಯಾಸ್ಟಾಯ್ಡ್ ಮುಂಚಾಚು ಹುಟ್ಟಿದ ಶಿಶುವಿನಲ್ಲಿ ಇರುವುದೇ ಇಲ್ಲ. ಶಿಶುವು ಕತ್ತು ನಿಲ್ಲಿಸಿ, ಮಗ್ಗುಲಾಗಿ, ಕುಳಿತು, ನಡೆಯುವ ಕಾಲಕ್ಕೆ ಕತ್ತಿನ ಸ್ನಾಯುವು ಅದನ್ನು ಸತತವಾಗಿ ಎಳೆಯತೊಡಗುವುದರಿಂದಲೂ, ಮಧ್ಯಕರ್ಣದ ಗಾಳಿಯು ಅದರೊಳಕ್ಕೆ ಸಣ್ಣ ಕೋಶಗಳಾಗಿ ಹಬ್ಬತೊಡಗುವುದರಿಂದಲೂ, ಆ ಎಲುಬು ಎರಡನೆಯ ವರ್ಷದ ಹೊತ್ತಿಗೆ ಮೊಳೆತು, ಅಲ್ಲಿಂದ ಮುಂದೆ ಬೆಳೆಯುತ್ತ ಹೋಗುವುದು. ಎಳೆತವಿಲ್ಲದೆ ಆ ಎಲುಬಿಲ್ಲ. ಗಾಳಿಯಿಲ್ಲದೆ ಅದರೊಳಗಿನ ಕೋಶಗಳಿಲ್ಲ. ಎಲುಬು ತನ್ನ ಮೇಲೆ ಬೀಳುವ ಒತ್ತಡಕ್ಕೆ ತಕ್ಕಂತೆ ತನ್ನ ಒಳರಚನೆಯನ್ನು ಮಾರ್ಪಡಿಸಿಕೊಳ್ಳುವುದೆಂದು ಬರ್ಲಿನಿನ ಯೂಲಿಯಸ್ ವೊಲ್ಫ್ 1892ರಲ್ಲಿ ನಿಯಮವಾಗಿ ನಿರೂಪಿಸಿದನು. ಮುಖದ ಎಲುಬುಗಳ ಬೆಳವಣಿಗೆಯು ಅವು ಆವರಿಸಿರುವ ಅಂಗಗಳ ಕಾರ್ಯವನ್ನು ಅನುಸರಿಸುವುದೆಂದು ಅಮೆರಿಕದ ಮೆಲ್ವಿನ್ ಮಾಸ್ 1960ರ ದಶಕದಲ್ಲಿ ವಾದಿಸಿದನು. ವಂಶವು ಏನೂ ಮಾಡುವುದಿಲ್ಲವೆಂದು ಹೇಳುವ ಹುಚ್ಚು ನನಗಿಲ್ಲ. ವಂಶವು ಕೊಡುವುದು ಒಂದು ಸಾಧ್ಯತೆಯನ್ನು; ಅದು ಯಾವ ದಿಕ್ಕಿಗೆ ಸಾಗುವುದೆಂಬುದರಲ್ಲಿ ಸ್ನಾಯುಗಳ ದುಡಿಮೆಗೆ ದೊಡ್ಡ ಪಾಲಿದೆ.

ಈಗ ನಾಯಕನ ಬಳಿಗೆ ಬರೋಣ. ಗಂಟಲಿನ ಮೇಲ್ಭಾಗದಿಂದ, ಮೂಗಿನ ಹಿಂಬದಿಯಿಂದ, ಮಧ್ಯಕರ್ಣಕ್ಕೆ ಹೋಗುವ ಯೂಸ್ಟೇಷಿಯನ್ ನಾಳವು ಸದಾ ತೆರೆದಿರುವ ಕೊಳವೆಯೆಂದು ಬಹುಕಾಲ ವಿದ್ವಾಂಸರೇ ನಂಬಿದ್ದರು. ಲಂಡನ್ನಿನ ಕರ್ಣವೈದ್ಯ ಜೋಸೆಫ್ ಟಾಯ್ನ್‌ಬಿಯು 1853ರಲ್ಲಿ, ಅದು ಸಾಮಾನ್ಯವಾಗಿ ಮುಚ್ಚಿಯೇ ಇದ್ದು, ನುಂಗುವಾಗ ಮಾತ್ರ ಸ್ನಾಯುಗಳ ಎಳೆತದಿಂದ ಕ್ಷಣಕಾಲ ತೆರೆಯುವುದೆಂದು ತೋರಿಸಿದನು. ಹಾಗೆ ತೆರೆದ ಕ್ಷಣದಲ್ಲಿಯೇ ಮಧ್ಯಕರ್ಣಕ್ಕೆ ಹೊಸ ಗಾಳಿ ಹೋಗಬೇಕು. ಏಕೆಂದರೆ ಅಲ್ಲಿರುವ ಗಾಳಿಯನ್ನು ಸುತ್ತಲಿನ ಒಳಪೊರೆಯು ಸದಾ ಹೀರಿಕೊಳ್ಳುತ್ತಲೇ ಇರುತ್ತದೆ. ಟಾಯ್ನ್‌ಬಿಯ ಹೆಸರಿನಲ್ಲಿ ಇಂದಿಗೂ ಉಳಿದಿರುವ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು: ಮೂಗನ್ನು ಬೆರಳುಗಳಿಂದ ಹಿಡಿದು ಮುಚ್ಚಿ, ಒಂದು ಗುಟುಕು ಉಗುಳನ್ನು ನುಂಗಿದರೆ, ಕಿವಿ ಒಳಕ್ಕೆ ಸೆಳೆದಂತೆ, ಮುಚ್ಚಿದಂತೆ ಅನಿಸುವುದು, ಮೂಗನ್ನು ಬಿಟ್ಟು ಮತ್ತೊಮ್ಮೆ ನುಂಗಿದರೆ ಸರಿಯಾಗುವುದು. ಈ ಚಿಕ್ಕ ಪ್ರಯೋಗದ ಅರ್ಥವನ್ನು ತಾಯಿತಂದೆಯರು ನಿಧಾನವಾಗಿ ಆಲೋಚಿಸಬೇಕೆಂದು ಪ್ರಾರ್ಥಿಸುತ್ತೇನೆ. ನಮಗೆ ಅದು ಒಂದು ಗುಟುಕಿನ ಪರೀಕ್ಷೆ, ಮುಂದಿನ ಗುಟುಕಿಗೆ ಪರಿಹಾರ. ಮೂಗು ಪೂರ್ತಿಯಾಗಿ ಕಟ್ಟಿದ ಮಗುವಿಗಾದರೋ ಪ್ರತಿಯೊಂದು ಗುಟುಕೂ ಅದೇ ಪರೀಕ್ಷೆ, ದಿನಕ್ಕೆ ನೂರಾರು ಸಲ, ಪರಿಹಾರದ ಗುಟುಕೇ ಇಲ್ಲದೆ. ನಾಳವನ್ನು ತೆರೆಯಬೇಕಾದ ನಮ್ಮ ನಾಯಕ, ಆ ಅಂಗುಳಸ್ನಾಯು, ಎಳೆಯುತ್ತದೆ. ಅದರ ಎದುರಿಗೆ ಒತ್ತಡದ ವ್ಯತ್ಯಾಸವು ನಾಳದ ಗೋಡೆಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಮಗುವಿನ ನಾಳವಾದರೂ ಎಂಥದು? ಹುಟ್ಟಿದಾಗ ದೊಡ್ಡವರದರ ಅರ್ಧದಷ್ಟೇ ಉದ್ದ. ದೊಡ್ಡವರಲ್ಲಿ ಸುಮಾರು 45 ಡಿಗ್ರಿ ಇಳಿಜಾರಾಗಿರುವುದು ಶಿಶುವಿನಲ್ಲಿ ಸುಮಾರು 10 ಡಿಗ್ರಿ ಮಾತ್ರ, ಎಂದರೆ ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿರುವುದು. ಸ್ನಾಯುವು ಎಳೆಯುವ ಕೋನವೂ ಅದಕ್ಕೆ ತಕ್ಕಂತೆ ಅನನುಕೂಲ. ಆ ನಾಳವು ಪ್ರೌಢರೂಪವನ್ನು ಪಡೆಯುವುದು ಏಳನೆಯ ವರ್ಷದ ಸುಮಾರಿಗೆ. ಮೂಗಿನ ಹಿಂದಿನ ಅಡಿನಾಯ್ಡ್ ಎಂಬ ಗ್ರಂಥಿಯು ದಪ್ಪವಾಗಿ ಬೆಳೆದು ನಾಳದ ಬಾಯಿಯನ್ನು ಒತ್ತುವುದೂ ಅದಕ್ಕೆ ಮುಂಚಿನ ವರ್ಷಗಳಲ್ಲಿಯೇ.

ಆ ಸ್ನಾಯು ತನ್ನ ಕೆಲಸವನ್ನು ಮಾಡದಿದ್ದರೆ ಏನಾಗುವುದೆಂಬುದಕ್ಕೆ ಊಹೆಯ ಅವಶ್ಯಕತೆ ಇಲ್ಲ. ಸೀಳಂಗುಳದೊಡನೆ ಹುಟ್ಟುವ ಶಿಶುಗಳಲ್ಲಿ ಈ ಸ್ನಾಯುವಿಗೆ ಸರಿಯಾದ ಅಂಟುನೆಲೆಯೇ ಇರುವುದಿಲ್ಲ. ಅಮೆರಿಕದ ಪಿಟ್ಸ್‌ಬರ್ಗಿನ ವೈದ್ಯರು 1969ರಲ್ಲಿ ಅಂಥ 50 ಶಿಶುಗಳ ಕಿವಿಗಳನ್ನು ಪರೀಕ್ಷಿಸಿ, ಮಧ್ಯಕರ್ಣದ ರೋಗವು ಅವರಲ್ಲಿ ಸಾರ್ವತ್ರಿಕವೆಂದೇ ವರದಿಮಾಡಿದರು. ಅದೇ ಊರಿನ ಸಂಶೋಧಕರು 1988ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಮಂಗಗಳ ಈ ಒಂದೇ ಸ್ನಾಯುವನ್ನು ಬಾಟ್ಯುಲಿನಂ ವಿಷದಿಂದ ತಾತ್ಕಾಲಿಕವಾಗಿ ನಿಶ್ಚೇಷ್ಟಗೊಳಿಸಿದಾಗ, ಮಧ್ಯಕರ್ಣದ ಒತ್ತಡ ಕುಸಿದು ಅಲ್ಲಿ ದ್ರವ ಕೂಡಿಕೊಂಡಿತು. ಕ್ರಿಮಿಯಿಲ್ಲ, ಸೋಂಕಿಲ್ಲ, ಒಂದು ಸ್ನಾಯು ಸುಮ್ಮನಾದದ್ದಷ್ಟೇ ಕಾರಣ. ಇಷ್ಟಾದ ಮೇಲೂ, ಕಿವಿ ಮಂದವಾದ ಮಗುವಿನ ಕಿವಿಗೆ ಬೆಚ್ಚಗೆ ಕೊಬ್ಬರಿಯೆಣ್ಣೆಯನ್ನೋ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನೋ ಬಿಡುವ ಪದ್ಧತಿ ನಮ್ಮ ಸೀಮೆಯಲ್ಲಿ ನಿಂತಿಲ್ಲ. ದ್ರವ ಕೂಡಿರುವುದು ತಮಟೆಯ ಆಚೆ. ಎಣ್ಣೆ ನಿಲ್ಲುವುದು ಈಚೆ. ತಮಟೆ ತೂತಾಗಿದ್ದರೆ ಆ ಎಣ್ಣೆಯು ಒಳಹೊಕ್ಕು ಅಪಾಯವನ್ನೇ ತರುವುದು.

ಮೂಗು ಕಟ್ಟುವುದರಿಂದ ತಲೆಯ ಸ್ನಾಯುಗಳೂ ಎಲುಬುಗಳೂ ಬೆಳೆಯುವ ರೀತಿಯೇ ಮಾರ್ಪಡುವುದೆಂಬುದಕ್ಕೆ ಅತಿ ಗಂಭೀರವಾದ ಸಾಕ್ಷ್ಯವನ್ನು ಒದಗಿಸಿದವನು ನಾರ್ವೆಯಲ್ಲಿ ಹುಟ್ಟಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ದುಡಿದ ಈಗಿಲ್ ಹಾರ್ವೋಲ್ಡ್. ಅವನೂ ಅವನ ಸಹೋದ್ಯೋಗಿಗಳೂ ಎಳೆಯ ರೀಸಸ್ ಮಂಗಗಳ ಮೂಗಿನ ಹೊಳ್ಳೆಗಳನ್ನು ಸಿಲಿಕೋನ್ ಬಿರಡೆಗಳಿಂದ ಕ್ರಮವಾಗಿ ಮುಚ್ಚಿ, ಅದೇ ವಯಸ್ಸಿನ, ಮೂಗು ತೆರೆದ ಮಂಗಗಳೊಡನೆ ಅವನ್ನು ಹೋಲಿಸುತ್ತ ಬಂದರು. ಅದರ ಫಲಿತಾಂಶಗಳು 1973ರಿಂದ 1984ರವರೆಗೆ ಹಲವು ಪ್ರಬಂಧಗಳಲ್ಲಿ ಹೊರಬಂದವು. ಮೂಕಪ್ರಾಣಿಯ ಉಸಿರುಗಟ್ಟಿಸಿ ಪಡೆದ ಜ್ಞಾನವೆಂದು ಅದನ್ನು ಓದುವಾಗ ಮನಸ್ಸು ನೋಯುತ್ತದೆ. ಆದರೆ ಪಡೆದದ್ದಾದ ಮೇಲೆ ಅದನ್ನು ಕಡೆಗಣಿಸುವುದು ಆ ಪ್ರಾಣಿಗಳಿಗೆ ಮಾಡುವ ಎರಡನೆಯ ಅನ್ಯಾಯ. ಮೂಗು ಮುಚ್ಚಿದ ಮಂಗಗಳೆಲ್ಲವೂ ಕಾಲಕ್ರಮದಲ್ಲಿ ಬಾಯಿ ತೆರೆದ ಮುಖವನ್ನು ಪಡೆದವು. ಆದರೆ ಅವು ಬಾಯಿ ತೆರೆದ ಬಗೆ ಒಂದೇ ಆಗಿರಲಿಲ್ಲ: ಕೆಲವು ದವಡೆಯನ್ನು ಸದಾ ಇಳಿಸಿಯೇ ಹಿಡಿದವು, ಕೆಲವು ಪ್ರತಿಯೊಂದು ಉಸಿರಿಗೂ ಇಳಿಸಿ ಏರಿಸಿದವು, ನಾಲಗೆಯನ್ನು ಒಂದೊಂದೂ ಒಂದೊಂದು ರೀತಿಯಲ್ಲಿ ಇರಿಸಿಕೊಂಡಿತು. ಸ್ನಾಯುಗಳ ವಿದ್ಯುತ್‌ಸ್ಪಂದನವನ್ನು ದಾಖಲಿಸಿದಾಗ, ಮೊದಲು ಉಸಿರಾಟದಲ್ಲಿ ಭಾಗವಹಿಸದಿದ್ದ ನಾಲಗೆಯ, ತುಟಿಯ, ದವಡೆಯ ಸ್ನಾಯುಗಳು ಉಸಿರಿನ ಲಯಕ್ಕೆ ಮಿಡಿಯತೊಡಗಿದ್ದು ಕಂಡುಬಂದಿತು. ಎರಡು ವರ್ಷಗಳ ಅನಂತರ ಅಳೆದು ನೋಡಿದರೆ, ಮುಖದ ಮುಂಭಾಗದ ಎತ್ತರ ಹೋಲಿಕೆಯ ಮಂಗಗಳಿಗಿಂತ ಹೆಚ್ಚಾಗಿತ್ತು. ದವಡೆಯ ಇಳಿಜಾರು ಕಡಿದಾಗಿತ್ತು. ಹಲ್ಲುಗಳು ನೆಲೆ ತಪ್ಪಿದ್ದವು. ಬಿರಡೆಗಳನ್ನು ತೆಗೆದ ಮೇಲೆ ಕೆಲವು ಮಾರ್ಪಾಟುಗಳು ಹಿಂದಿರುಗಿದವು, ಎಲ್ಲವೂ ಹಿಂದಿರುಗಲಿಲ್ಲ.

ಈ ಪ್ರಯೋಗದ ಮೇಲೆ ಬಿದ್ದಿರುವ ಆಕ್ಷೇಪಣೆಗಳು ಹಗುರವಾದವಲ್ಲ, ಆಕ್ಷೇಪಿಸಿದವರೂ ಸಾಮಾನ್ಯರಲ್ಲ. ಮನುಷ್ಯಶಿಶುವಿನ ಮೂಗು ಮಂಗದ ಮೂಗಿನಂತೆ ಪೂರ್ತಿಯಾಗಿ ಮುಚ್ಚುವುದು ಅಪರೂಪ. ಉದ್ದಮುಖದ ಮಕ್ಕಳಲ್ಲಿ ಎಷ್ಟೋ ಮಂದಿ ಮೂಗಿನಿಂದಲೇ ಉಸಿರಾಡುತ್ತಾರೆ. ಬಾಯಿ ತೆರೆದಿರುವುದೊಂದನ್ನೇ ನೋಡಿ ಬಾಯುಸಿರೆಂದು ತೀರ್ಮಾನಿಸಲಾಗದು. ಆದಕಾರಣ ಮುಖದ ಆಕಾರಕ್ಕೆ ಮೂಗನ್ನು ಹೊಣೆಮಾಡುವುದು ದುಡುಕು ಎಂದು ಪೀಟರ್ ವಿಗ್‌ನಂಥ ದಂತತಜ್ಞರು ಎಚ್ಚರಿಸಿದರು. ಈ ಎಚ್ಚರಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಅದರಿಂದ ನಮ್ಮ ಪೂರ್ವಪಕ್ಷಿಗಳು ಎಳೆಯುವ ತೀರ್ಮಾನವನ್ನು ಗೌರವಿಸಲಾರೆ. ಒಂದೊಂದು ಮಂಗವೂ ಒಂದೊಂದು ರೀತಿಯಾಗಿ ಬೆಳೆದುದು ಮೂಗಿಗೂ ಬೆಳವಣಿಗೆಗೂ ಸಂಬಂಧವಿಲ್ಲವೆಂಬುದಕ್ಕೆ ಪ್ರಮಾಣವೆಂದು ಅವರು ಹೇಳುವರು. ನಿಜವಾಗಿ ನೋಡಿದರೆ, ಬಿರಡೆಯು ಎಲುಬಿನ ಮೇಲೆ ನೇರವಾಗಿ ಏನನ್ನೂ ಮಾಡಲಿಲ್ಲ, ಮಾಡಿದ್ದೆಲ್ಲ ಸ್ನಾಯುಗಳ ಮೂಲಕ ಎಂಬುದನ್ನೇ ಆ ವೈವಿಧ್ಯವು ಸೂಚಿಸುತ್ತದೆ. ತಡೆ ಒಂದೇ, ಅದನ್ನು ದಾಟಲು ಪ್ರತಿಯೊಂದು ಪ್ರಾಣಿಯ ಸ್ನಾಯುಗಳೂ ಹೂಡಿದ ಉಪಾಯ ಬೇರೆ, ಆದ್ದರಿಂದ ಫಲವೂ ಬೇರೆ. ವಂಶವೇ ಎಲ್ಲವೆಂದಾದರೆ ಹೋಲಿಕೆಯ ಮಂಗಗಳಿಂದ ಇವು ಭಿನ್ನವಾಗುವ ಕಾರಣವೇ ಇರಲಿಲ್ಲ. ಇನ್ನು ಮನುಷ್ಯರ ವಿಷಯ: ಅದೇ ವಿಗ್ ಮತ್ತು ಅವನ ಸಂಗಡಿಗರು 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೇ, ಆರೋಗ್ಯವಂತರ ಮೂಗನ್ನು ಮುಚ್ಚಿದೊಡನೆ ಅವರ ತಲೆ ಸುಮಾರು 5 ಡಿಗ್ರಿಯಷ್ಟು ಹಿಂದಕ್ಕೆ ವಾಲಿತು, ತಡೆ ತೆಗೆದೊಡನೆ ಮೊದಲಿನಂತಾಯಿತು. 5 ಡಿಗ್ರಿಯೆಂದರೆ ಬಹಳವಲ್ಲ. ಆದರೆ ಕಿವಿಯ ಹಿಂದಿನ ಎಲುಬಿಗೂ ತಲೆಯ ಹಿಂಬದಿಗೂ ಅಂಟಿರುವ ಕತ್ತಿನ ಸ್ನಾಯುಗಳು ಆ 5 ಡಿಗ್ರಿಯನ್ನು ಹಗಲಿರುಳೂ ಹೊತ್ತಿರಬೇಕಾದಾಗ, ಮುಂದಿನ ಮೃದುಭಾಗಗಳೆಲ್ಲ ಹಿಗ್ಗಿ ದವಡೆಯನ್ನು ಹಿಂದಕ್ಕೂ ಕೆಳಕ್ಕೂ ಎಳೆಯುವುವೆಂದು ಡೆನ್ಮಾರ್ಕಿನ ಸೊಲೋ ಮತ್ತು ಕ್ರೈಬೋರ್ಗ್ 1977ರಲ್ಲಿ ಪ್ರತಿಪಾದಿಸಿದ್ದನ್ನು ತಳ್ಳಿಹಾಕುವುದು ಸುಲಭವಲ್ಲ.

ಜಗಿಯುವ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಮೂಗು ಕಟ್ಟಿದವನು ಬಾಯಿ ಮುಚ್ಚಿ ಜಗಿಯಲಾರ. ಉಸಿರಿಗೂ ತುತ್ತಿಗೂ ಒಂದೇ ದಾರಿಯಾದಾಗ ತುತ್ತು ಸೋಲುತ್ತದೆ. ಆದ್ದರಿಂದಲೇ ಅಂಥ ಮಗು ರೊಟ್ಟಿಯನ್ನೂ ಕಬ್ಬಿನ ಜಲ್ಲೆಯನ್ನೂ ದೂರವಿಟ್ಟು ಮೊಸರನ್ನವನ್ನೋ ನುಂಗುವ ಮುದ್ದೆಯನ್ನೋ ಬೇಡುವುದು. ಮನೆಯವರು ಅದನ್ನು ಊಟದ ತಂಟೆಯೆಂದು ಕರೆಯುವರು. ಕೆನ್ನೆಯ ಮತ್ತು ಕಣತಲೆಯ ದೊಡ್ಡ ಸ್ನಾಯುಗಳಿಗೆ ಬೆಳೆಯುವ ಕಾಲದಲ್ಲಿ ಸಿಗಬೇಕಾದ ವ್ಯಾಯಾಮವು ಹೀಗೆ ತಪ್ಪಿಹೋಗುವುದು, ಮತ್ತು ದವಡೆಯನ್ನು ಏರಿಸುವ ಸ್ನಾಯುಗಳು ಸಡಿಲವಾಗಿ ನೇತಾಡುತ್ತಿರುವಾಗ ಇಳಿಸುವ ಸ್ನಾಯುಗಳು ಮಾತ್ರ ಬಿಡುವಿಲ್ಲದೆ ದುಡಿಯುವುವು.

ಇತ್ತೀಚೆಗೆ ಬೇರೊಂದು ಪಂಥವೂ ಎದ್ದಿದೆ. ಮೂಗುಸಿರಿನ ಮಹಿಮೆಯನ್ನು ಒಪ್ಪುವುದರಿಂದ ಮೇಲ್ನೋಟಕ್ಕೆ ನಮ್ಮ ಪಕ್ಷದಂತೆ ಕಂಡರೂ ಅದು ಪೂರ್ವಪಕ್ಷದಷ್ಟೇ ಹಾನಿಕರ. ನಾಲಗೆಯನ್ನು ಅಂಗುಳಕ್ಕೆ ಒತ್ತಿಕೊಂಡರೆ ದವಡೆ ಚೂಪಾಗಿ ಚೆಲುವಾಗುವುದೆಂದು ತರುಣರಿಗೆ ಆಸೆ ಹುಟ್ಟಿಸುವವರೂ, ರಾತ್ರಿ ಮಕ್ಕಳ ತುಟಿಗಳ ಮೇಲೆ ಪಟ್ಟಿ ಅಂಟಿಸಿ ಬಾಯುಸಿರನ್ನು ಬಿಡಿಸಬೇಕೆನ್ನುವವರೂ ಈ ಪಂಥದವರು. ಕಾರಣವನ್ನು ತೆಗೆಯದೆ ಕಾರ್ಯವನ್ನು ಅಡಗಿಸಹೊರಡುವುದು ಎಂಥ ವೈದ್ಯ? ಮೂಗಿನ ಹಿಂದೆ ಅಡಿನಾಯ್ಡ್ ತುಂಬಿಕೊಂಡಿರುವ ಮಗುವಿನ ಬಾಯನ್ನೂ ಮುಚ್ಚಿದರೆ ಅದಕ್ಕೆ ಉಳಿದಿರುವ ಏಕೈಕ ಆಶ್ರಯವನ್ನೂ ಕಿತ್ತುಕೊಂಡಂತಾಗುವುದು. ಅದೂ ಅಲ್ಲದೆ ಈ ಜನಕ್ಕೆ ಮುಖದ ಚೆಲುವಿನ ಚಿಂತೆಯೇ ಹೊರತು ಕಿವಿಯ ಚಿಂತೆಯಿಲ್ಲ. ಮುಖದ ವಿಷಯದಲ್ಲಾದರೆ ವಿವಾದಕ್ಕೆ ಎಡೆಯಿದೆ, ಕಿವಿಯ ವಿಷಯದಲ್ಲಿ ಎಡೆ ಬಹಳ ಕಡಿಮೆ.

ಏಕೆಂದರೆ ಕಿವಿಯ ವಿಷಯವನ್ನು ಜಗತ್ತು ಅರಿತು ಒಂದೂವರೆ ಶತಮಾನ ಕಳೆದಿದೆ. ಕೋಪನ್‌ಹೇಗನ್ನಿನ ವೈದ್ಯ ವಿಲ್ಹೆಲ್ಮ್ ಮೇಯರನು 1868ರಲ್ಲಿ, ಬಾಯಿ ತೆರೆದುಕೊಂಡೇ ಇರುವ, ಮೂಗಿನಲ್ಲಿ ಮಾತನಾಡುವಂತೆ ತೋರುವ, ಕಿವಿ ಮಂದವಾಗಿರುವ ಮಕ್ಕಳ ಮೂಗಿನ ಹಿಂಬದಿಯಲ್ಲಿ ಬೆರಳಾಡಿಸಿ ನೋಡಿ, ಅಲ್ಲಿ ಬೆಳೆದಿದ್ದ ಮೃದುವಾದ ಗ್ರಂಥಿಯನ್ನು ಗುರುತಿಸಿ, ಅದನ್ನು ತೆಗೆದರೆ ಉಸಿರೂ ಕಿವಿಯೂ ಸುಧಾರಿಸುವುದನ್ನು ಜಗತ್ತಿಗೆ ಸಾರಿದನು. ಅದಕ್ಕೆ ಮುಂಚೆ ಈ ಮಕ್ಕಳನ್ನು ಮಂದಬುದ್ಧಿಯವರೆಂದು ಕರೆದು ಕೈಬಿಡುತ್ತಿದ್ದರು. ಕೃತಜ್ಞರಾದ ಜನರು 1898ರಲ್ಲಿ ಅವನ ಪ್ರತಿಮೆಯನ್ನು ಆ ನಗರದಲ್ಲಿ ನಿಲ್ಲಿಸಿದರು. ಅಂದಿನಿಂದ ಇಂದಿನವರೆಗೆ ವೈದ್ಯಶಾಸ್ತ್ರವು ಮೇಯರನ ಉತ್ಸಾಹವನ್ನು ಬಹಳಷ್ಟು ತಿದ್ದಿದೆ. ಎಲ್ಲ ಅಡಿನಾಯ್ಡನ್ನೂ ತೆಗೆಯಬೇಕಾಗಿಲ್ಲವೆಂದು ಕಲಿತಿದೆ. ಆದರೆ ಮೂಗಿನ ಹಿಂಬದಿಗೂ ಕಿವಿಗೂ ಇರುವ ನಂಟನ್ನು ಅಲ್ಲಗಳೆದಿಲ್ಲ.

ಇನ್ನುಳಿದದ್ದು ಪೂರ್ವಪಕ್ಷದ ಕಡೆಯ ಆಶ್ರಯ: ಕಾದರೆ ಸರಿಹೋಗುವುದು. ಇದರಲ್ಲಿ ಸತ್ಯಾಂಶವಿದೆಯೆಂದು ನಾನೇ ಅಂಕಿಗಳೊಡನೆ ಹೇಳುತ್ತೇನೆ. ಅಮೆರಿಕದಲ್ಲಿ 5ರಿಂದ 9 ವರ್ಷದ, ನಿದ್ರೆಯಲ್ಲಿ ಉಸಿರುಕಟ್ಟುತ್ತಿದ್ದ 464 ಮಕ್ಕಳನ್ನು ಎರಡು ಗುಂಪುಮಾಡಿ, ಒಂದು ಗುಂಪಿನವರಿಗೆ ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆದು, ಇನ್ನೊಂದು ಗುಂಪಿನವರನ್ನು ಹಾಗೆಯೇ ಗಮನಿಸುತ್ತಿದ್ದು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ತಿಂಗಳ ಅನಂತರ ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ 79 ಮಕ್ಕಳ ನಿದ್ರೆಯ ಉಸಿರಾಟವು ಸಹಜಸ್ಥಿತಿಗೆ ಬಂದಿತ್ತು. ಕಾದವರಲ್ಲಿಯೂ ನೂರಕ್ಕೆ 46 ಮಕ್ಕಳದು ಬಂದಿತ್ತು. ಏಕಾಗ್ರತೆಯ ಪರೀಕ್ಷೆಗಳಲ್ಲಿ ಎರಡು ಗುಂಪುಗಳಿಗೂ ಗಣನೀಯವಾದ ಅಂತರ ಕಾಣಲಿಲ್ಲ. ನಡತೆಯಲ್ಲಿಯೂ ಜೀವನದ ನೆಮ್ಮದಿಯಲ್ಲಿಯೂ ಕಂಡಿತು. ಕಿವಿಯ ದ್ರವವೂ ಎಷ್ಟೋ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿ ಇಂಗುವುದರಿಂದ, ಅಷ್ಟು ಕಾಲ ಕಾಯಿರೆಂದೇ ವೈದ್ಯಸಂಸ್ಥೆಗಳು ಹೇಳುತ್ತವೆ. ಆದರೆ ಅವರು ಹೇಳುವ ಕಾಯುವಿಕೆಗೆ ಒಂದು ಆರಂಭದ ಪರೀಕ್ಷೆ, ಒಂದು ಅವಧಿ, ಅವಧಿ ಮುಗಿದ ಮೇಲೆ ಮತ್ತೊಂದು ಪರೀಕ್ಷೆ ಇರುತ್ತವೆ. ನಮ್ಮ ಮನೆಗಳಲ್ಲಿ ಕಾಯುವುದೆಂದರೆ ನೋಡದಿರುವುದು. ಕಾದವರಲ್ಲಿ ನೂರಕ್ಕೆ 54 ಮಕ್ಕಳು ಸರಿಹೋಗಲಿಲ್ಲವೆಂಬುದನ್ನು ತಿಳಿದದ್ದು ಯಾರೋ ಅವರನ್ನು ಮತ್ತೆ ಪರೀಕ್ಷಿಸಿದ್ದರಿಂದ. ನಮ್ಮ ಮಕ್ಕಳನ್ನು ಪರೀಕ್ಷಿಸುವವರು ಯಾರು?

ಮಧ್ಯಕರ್ಣದಲ್ಲಿ ದ್ರವ ತುಂಬಿದ ಮಗು ಕಿವುಡಲ್ಲ, ಅದೇ ಅಪಾಯ. ಸಾಮಾನ್ಯವಾಗಿ 25ರಿಂದ 30 ಡೆಸಿಬೆಲ್‌ನಷ್ಟು ಶ್ರವಣ ಕುಂದಿರುವ ಅದಕ್ಕೆ ಎದುರಿಗೆ ನಿಂತು ಗಟ್ಟಿಯಾಗಿ ಕರೆದರೆ ಕೇಳುತ್ತದೆ, ಹಿಂದಿನಿಂದ ಮೆಲ್ಲಗೆ ಕರೆದರೆ ಕೇಳದು. ಇವತ್ತು ಕೇಳಿದ್ದು ನಾಳೆ ಕೇಳದು. ಆದ್ದರಿಂದಲೇ ಉಪಾಧ್ಯಾಯರು “ಬೇಕಾದಾಗ ಕೇಳುತ್ತಾನೆ, ಬೇಡದಾಗ ಇಲ್ಲ” ಎಂದು ಬೈಯುವರು; ಹಿಂದಿನ ಸಾಲಿನ ಬೆಂಚಿಗೆ ಕಳುಹಿಸಿ ರೋಗವನ್ನು ಇಮ್ಮಡಿಮಾಡುವರು. ಕನ್ನಡದಲ್ಲಂತೂ ಅರ್ಥವನ್ನು ಹೊತ್ತಿರುವ ವಿಭಕ್ತಿಯೂ ಕಾಲವೂ ಪದದ ತುದಿಗೆ, ಬಹುಮಟ್ಟಿಗೆ ಮೆಲುದನಿಯಲ್ಲಿ, ಸೇರಿಕೊಳ್ಳುವುದರಿಂದ, ಆ ತುದಿ ಕೇಳದ ಮಗುವಿಗೆ ಯಾರು ಯಾರಿಗೆ ಏನು ಮಾಡಿದರೆಂಬುದೇ ಮಸಕಾಗುವುದು. ನಾಳವು ಏಳನೆಯ ವರ್ಷಕ್ಕೆ ತಾನಾಗಿ ಬಲಿಯುವುದು ನಿಜ. ನುಡಿಯೂ ಅಕ್ಷರವೂ ಕಲಿಯಬೇಕಾದ ವರ್ಷಗಳು ಆ ಏಳರೊಳಗೇ ಇವೆ ಎಂಬುದೂ ನಿಜ.

ಮಾಡಬೇಕಾದದ್ದು ಕಷ್ಟಸಾಧ್ಯವೂ ಅಲ್ಲ. ಮೂಗು ಕಟ್ಟುವ ಕಾರಣವನ್ನು ಹುಡುಕಬೇಕು: ಅಡಿನಾಯ್ಡೋ, ದೂಳಿನ ಅಥವಾ ಊರ ಬಯಲುಗಳಲ್ಲೆಲ್ಲ ಹಬ್ಬಿರುವ ಕಾಂಗ್ರೆಸ್ ಗಿಡದ ಪರಾಗದ ಅಲರ್ಜಿಯೋ, ಅಡಿಗೆಮನೆಯ ಸೌದೆಯ ಹೊಗೆಯೋ, ಮೂಗಿನ ನಡುಗೋಡೆಯ ಸೊಟ್ಟವೋ. ಅಲರ್ಜಿಯಾದರೆ ಬಹುಮಂದಿಗೆ ವೈದ್ಯರು ಹೇಳಿದ ಮೂಗಿನ ತುಂತುರೌಷಧವೇ ಸಾಕು. ಬೆಳೆದ ಅಡಿನಾಯ್ಡ್ ಕಿವಿಯನ್ನೂ ನಿದ್ರೆಯನ್ನೂ ಕೆಡಿಸುತ್ತಿದ್ದರೆ ಅದನ್ನು ತೆಗೆಯಿಸಲು ಹಿಂಜರಿಯಬಾರದು. ಮಧ್ಯಕರ್ಣದ ಒತ್ತಡವನ್ನು ಅಳೆಯುವ ಟಿಂಪನೋಮೆಟ್ರಿ ಪರೀಕ್ಷೆಗೆ ಕೆಲವು ನಿಮಿಷ ಸಾಕು, ಸೂಜಿಯಿಲ್ಲ, ನೋವಿಲ್ಲ. ಅದನ್ನು ಮಾಡಬಲ್ಲವರನ್ನು ತರಬೇತುಗೊಳಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಅನೇಕ ದಶಕಗಳಿಂದ ಇದೆ. ಬಾಯಿ ತೆರೆದು ಮಲಗುವ ಮಗುವನ್ನು ಕರೆದುಕೊಂಡು ವೈದ್ಯರ ಬಳಿಗೆ ಹೋದ ತಾಯಿಯು, ಮೂಗಿಗೆ ಔಷಧವನ್ನು ಬರೆಯಿಸಿಕೊಂಡು ಎದ್ದು ಬಾರದೆ, “ಇವನ ಕಿವಿಯನ್ನೂ ಒಮ್ಮೆ ನೋಡಿ, ಮೂರು ತಿಂಗಳಾದ ಮೇಲೆ ಮತ್ತೆ ಕರೆತರುತ್ತೇನೆ” ಎಂದು ಹೇಳಬೇಕು. ಕಿವಿಗೆ ಬೇರೆ ವೈದ್ಯರಿದ್ದಾರೆಂದು ಅವರು ಕಳುಹಿಸಿದರೆ ಆ ವೈದ್ಯರ ಬಳಿಗೂ ಹೋಗಿ, ಇವನ ಮೂಗು ಎಷ್ಟು ತಿಂಗಳಿಂದ ಕಟ್ಟಿದೆಯೆಂಬುದನ್ನು ಮೊದಲು ಹೇಳಬೇಕು.